ಅಂಗವಿಕಲರ ಪಿಂಚಣಿ: ನಿಮ್ಮ ಅರ್ಜಿ ಎಲ್ಲಿ ನಿಂತಿದೆ?

ನಮ್ಮ ಸೋದರಮಾವನಿಗೆ ಲಕ್ವ ಹೊಡೆದು ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ ಅಂಗವಿಕಲರ ಪಿಂಚಣಿ ಕೈಗೆ ಬಂತು. ಮಾವ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಏಳುವಾಗ ಬಲಗೈ, ಬಲಗಾಲು ಎರಡೂ ಮಾತು ಕೇಳಲಿಲ್ಲ. ಆಗ ಅವರಿಗೆ ನಲವತ್ತೆಂಟು. ಮನೆಯಲ್ಲಿ ದುಡಿಯುತ್ತಿದ್ದವರು ಅವರೊಬ್ಬರೇ.

ಅರ್ಜಿ ಹಾಕಿದ ಮೇಲೆ ಹೋದಲ್ಲೆಲ್ಲ ಒಂದೇ ಉತ್ತರ ಸಿಗುತ್ತಿತ್ತು. "ಪ್ರೋಸೆಸ್‌ನಲ್ಲಿದೆ, ಬರುತ್ತೆ, ಕಾಯಿರಿ." ನಾವು ಕಾದೆವು. ದುಡ್ಡು ಬಂದ ಮೇಲೆ ಒಂದು ಸಂಜೆ ಅತ್ತೆಯ ಜೊತೆ ಕೂತು, ಯಾವ ತಿಂಗಳು ಏನಾಯಿತು ಎಂದು ಬರೆಯುತ್ತಾ ಹೋದೆ. ಆಗ ತಿಳಿಯಿತು. ಎಷ್ಟೋ ತಿಂಗಳು ನಮ್ಮ ಕಾಗದ ಯಾರ ಕೈಯಲ್ಲೂ ಸಾಗುತ್ತಿರಲಿಲ್ಲ. ಒಂದು ಸಲ ತಪ್ಪು ಆದಾಯ ಪ್ರಮಾಣಪತ್ರದಿಂದ ನಿಂತಿತ್ತು. ಇನ್ನೊಂದು ಸಲ ಹಳೆಯ ಬ್ಯಾಂಕ್ ಖಾತೆಯೊಂದರಿಂದ ನಿಂತಿತ್ತು. ಎರಡು ಸಲವೂ ಸರಿಪಡಿಸಲು ಬೇಕಾಗಿದ್ದು ಒಂದೆರಡು ದಿನದ ಕೆಲಸ. ಎಲ್ಲಿ ನಿಂತಿದೆ ಎಂದು ನಾವು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ಈ ಪಿಂಚಣಿಗಾಗಿ ಕಾಯುತ್ತಿರುವ ಮನೆಗಳಿಗೆ ನಾನು ಹೇಳುವುದು ಇಷ್ಟೇ: "ಯಾವಾಗ ಬರುತ್ತೆ" ಎಂದು ಕೇಳಬೇಡಿ. "ಈಗ ಯಾರ ಹತ್ತಿರ ಇದೆ, ಅವರಿಗೆ ಏನು ಬೇಕಾಗಿದೆ" ಎಂದು ಕೇಳಿ. ಮೊದಲ ಪ್ರಶ್ನೆಗೆ ಸಮಾಧಾನದ ಮಾತು ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಸಿಗುತ್ತದೆ.

ಮೊದಲು ಹಾದಿ ಗೊತ್ತಿರಲಿ

ತುಂಬಾ ಜನ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಬಂದರೆ ಪಿಂಚಣಿ ತಾನಾಗೇ ಶುರುವಾಗುತ್ತದೆ ಎಂದುಕೊಂಡಿರುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಹಾಗಲ್ಲ. ಇಲ್ಲಿ ಬೇರೆ ಬೇರೆ ಇಲಾಖೆಗಳಿವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಅಂಗವಿಕಲತೆ ಎಷ್ಟು ಎಂದು ಅಳೆದು ಪ್ರಮಾಣಪತ್ರ ಮತ್ತು ಯುಡಿಐಡಿ ಕೊಡುವುದು ಸರ್ಕಾರಿ ಆಸ್ಪತ್ರೆಯ ವೈದ್ಯರು. ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ, ಅಂದರೆ ನಾಡಕಚೇರಿ ಮತ್ತು ತಾಲ್ಲೂಕು ಕಚೇರಿ. ದುಡ್ಡು ಹೋಗುವುದು ಖಜಾನೆಯಿಂದ, ಆಧಾರ್ ಜೋಡಣೆಯಾದ ಖಾತೆಗೆ. ಇನ್ನು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಅಂತ ಒಂದಿದೆ. ಗಾಲಿಕುರ್ಚಿ, ಶ್ರವಣ ಸಾಧನದಂಥ ಸಲಕರಣೆ, ಬೇರೆ ಯೋಜನೆಗಳು ಅವರ ಕಡೆ ಸಿಗುತ್ತವೆ. ಪಿಂಚಣಿ ಯಾಕೆ ಬಂದಿಲ್ಲ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ. ಕಾರ್ಡ್ ಯಾಕೆ ಬಂದಿಲ್ಲ ಎಂದು ನಾಡಕಚೇರಿಯಲ್ಲಿ ಕೇಳಿದರೂ ಅಷ್ಟೇ.

ಈ ಹಾದಿಯಲ್ಲಿ ನಿಮಗೆ ನೆರವಾಗಲು ಸರ್ಕಾರವೇ ನೇಮಿಸಿದ ಒಬ್ಬರು ನಿಮ್ಮ ಪಂಚಾಯಿತಿಯಲ್ಲೇ ಇರುತ್ತಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ, ತಾಲ್ಲೂಕಿಗೆ ಒಬ್ಬ ಎಂಆರ್‌ಡಬ್ಲ್ಯೂ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು. ತಾವೇ ಈ ಹಾದಿ ನಡೆದು ಬಂದವರು. ನಮಗೆ ಇವರ ವಿಷಯ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ. ಅದಕ್ಕೆ ಮೊದಲು ಒಬ್ಬರು "ನಾನು ಮಾಡಿಸಿಕೊಡ್ತೀನಿ" ಅಂತ ದುಡ್ಡು ತೆಗೆದುಕೊಂಡು ಹೋಗಿದ್ದರು. ಅವರು ತಿರುಗಿ ಬರಲಿಲ್ಲ. ನೀವು ನಾಳೆ ಮಾಡಬೇಕಾದ ಮೊದಲ ಕೆಲಸ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯೂ ಯಾರು ಎಂದು ಕೇಳಿ, ಅವರ ಫೋನ್ ನಂಬರ್ ತೆಗೆದುಕೊಳ್ಳುವುದು. ಮಧ್ಯವರ್ತಿಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ.

ಆಸ್ಪತ್ರೆಯ ಹಂತ

2021ರ ಜೂನ್‌ನಿಂದ ಅಂಗವಿಕಲತೆ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ಕೊಡಬೇಕು ಎಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದೆ. ಹಾಗಾಗಿ ಶುರು ಅಲ್ಲಿಂದಲೇ. ಸ್ವಾವಲಂಬನ್ ಕಾರ್ಡ್ ಅಂತಲೂ ಕರೆಯುವ ಅದೇ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮನೆಯಲ್ಲಿ ಆಗದಿದ್ದರೆ ಗ್ರಾಮ ಒನ್ ಕೇಂದ್ರದಲ್ಲೋ ವಿಆರ್‌ಡಬ್ಲ್ಯೂ ಹತ್ತಿರವೋ ಮಾಡಿಸಬಹುದು. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು ಬೇಕು. ಯಾವ ಆಸ್ಪತ್ರೆಗೆ ಹೋಗುತ್ತೀರಿ ಎಂದೂ ಅಲ್ಲೇ ಆರಿಸಬೇಕು. ಹತ್ತಿರ ಎಂದು ಸುಮ್ನೆ ಯಾವುದೋ ಒಂದನ್ನು ಒತ್ತಬೇಡಿ. ನಿಮಗೆ ಬೇಕಾದ ತಜ್ಞರು ಆ ಆಸ್ಪತ್ರೆಯಲ್ಲಿ ಇದ್ದಾರಾ ಎಂದು ಮೊದಲು ಕೇಳಿ. ಕಿವಿಯ ತೊಂದರೆಗೆ ಬೇರಾ (BERA) ಪರೀಕ್ಷೆ, ಅಂದರೆ ಶಬ್ದಕ್ಕೆ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ಯಂತ್ರದಿಂದ ನೋಡುವುದು, ಬೇಕಾದರೆ ಆ ಯಂತ್ರ ಇರುವ ಕಡೆ ಹೋಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಜನ ದೂರದಿಂದ ಬರುವುದು ಅದಕ್ಕೇ. ಬುದ್ಧಿಮಾಂದ್ಯತೆಯಾದರೆ ಐಕ್ಯೂ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರು ಬೇಕು. ಅವರು ಎಲ್ಲ ಆಸ್ಪತ್ರೆಯಲ್ಲೂ ದಿನಾ ಇರುವುದಿಲ್ಲ.

ಅರ್ಜಿ ಹಾಕಿದ ಕೂಡಲೇ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಅದನ್ನು ಎರಡು ಕಡೆ ಬರೆದಿಡಿ. ಸ್ಥಿತಿ ನೋಡಲು ಅದು ಬೇಕಾಗುತ್ತದೆ.

ಲಕ್ವ, ತಲೆಗೆ ಪೆಟ್ಟು, ಬೆನ್ನುಹುರಿಯ ತೊಂದರೆ ಇದ್ದವರು ಒಂದು ವಿಷಯ ತಿಳಿದಿರಬೇಕು. ನರಕ್ಕೆ ಸಂಬಂಧಿಸಿದ ಅಂಗವಿಕಲತೆಯನ್ನು ಕಾಯಿಲೆ ಬಂದು ಆರು ತಿಂಗಳು ಕಳೆದ ಮೇಲೆ ಅಳೆಯುತ್ತಾರೆ. ಅಷ್ಟರಲ್ಲಿ ಎಷ್ಟು ಸುಧಾರಿಸುತ್ತದೆ ನೋಡೋಣ ಎಂಬ ಲೆಕ್ಕ. ನಾವು ಮೂರನೇ ತಿಂಗಳಲ್ಲೇ ಮಾವನನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗಿ, ಸಂಜೆವರೆಗೂ ಕಾದು, ಹಾಗೇ ವಾಪಸ್ ಬಂದೆವು. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ಅವರಿಗೆ ಆ ದಿನದ ಸಂಕಟ ಇರುತ್ತಿರಲಿಲ್ಲ.

ಹಾಗಂತ ಆ ಆರು ತಿಂಗಳು ಕೈಕಟ್ಟಿ ಕೂರಬೇಡಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ, ಪ್ರತಿ ತಿಂಗಳ ಔಷಧಿ ಚೀಟಿ, ಫಿಸಿಯೋಥೆರಪಿಗೆ ಹೋದ ದಾಖಲೆ ಎಲ್ಲವನ್ನೂ ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ ಹಾಕಿ. ವೈದ್ಯರು ನಿಮ್ಮನ್ನು ನೋಡುವುದು ಕೆಲವೇ ನಿಮಿಷ. ಆರು ತಿಂಗಳ ಕಥೆಯನ್ನು ಕಾಗದವೇ ಹೇಳಬೇಕು.

ತಪಾಸಣೆಯ ದಿನದ ಬಗ್ಗೆ ಇನ್ನೊಂದು ಮಾತು. ನಮ್ಮ ಜನಕ್ಕೆ ಒಂದು ಸ್ವಭಾವ ಇದೆ. ದೊಡ್ಡವರ ಮುಂದೆ ಕಷ್ಟ ಹೇಳಿಕೊಳ್ಳಲು ಸಂಕೋಚ. ಮಾವನನ್ನು ವೈದ್ಯರು "ಹೇಗಿದ್ದೀರಿ, ನಡೀತೀರಾ?" ಎಂದು ಕೇಳಿದರೆ ಅವರು "ಪರವಾಗಿಲ್ಲ ಸಾರ್, ನಡೀತೀನಿ" ಅಂದುಬಿಟ್ಟರು. ನಡೆಯುತ್ತಾರೆ ನಿಜ. ಅಂಗಳದವರೆಗೆ, ಗೋಡೆ ಹಿಡಿದುಕೊಂಡು, ಅತ್ತೆ ಜೊತೆಗಿದ್ದರೆ. ಅತ್ತೆ ಆಗ ಧೈರ್ಯ ಮಾಡಿ ಮಾತಾಡಿದರು. "ಸ್ನಾನ ನಾನೇ ಮಾಡಿಸೋದು ಸಾರ್. ಅಂಗಿ ಗುಂಡಿ ನಾನೇ ಹಾಕೋದು. ಅನ್ನ ಎಡಗೈಲಿ ತಿಂತಾರೆ." ವೈದ್ಯರು ತಿರುಗಿ ಕೂತು ಕೈಕಾಲು ಪೂರ್ತಿ ಪರೀಕ್ಷೆ ಮಾಡಿದರು. ಸುಳ್ಳು ಹೇಳಿ ಅನ್ನುತ್ತಿಲ್ಲ. ಇರುವುದನ್ನು ಮುಚ್ಚಿಡಬೇಡಿ ಅನ್ನುತ್ತಿದ್ದೇನೆ. ದಿನಾ ಆರೈಕೆ ಮಾಡುವವರು ಜೊತೆಗೆ ಹೋಗಲೇಬೇಕು. ಏನೇನು ಆಗುವುದಿಲ್ಲ ಎಂದು ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಶೇಕಡಾ ಲೆಕ್ಕ

ಎಲ್ಲವೂ ಈ ಅಂಕಿಯ ಮೇಲೆ ನಿಂತಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಒಪ್ಪಿಕೊಂಡಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಇದ್ದವು. ಪಾರ್ಕಿನ್ಸನ್ಸ್, ಆಟಿಸಂ, ಹಿಮೋಫಿಲಿಯಾ, ಥಲಸ್ಸೇಮಿಯಾ, ಆ್ಯಸಿಡ್ ದಾಳಿಗೆ ಒಳಗಾದವರು, ಇವೆಲ್ಲ ಈಗ ಪಟ್ಟಿಯಲ್ಲಿವೆ. "ಕೈಕಾಲು ಸರಿಯಿದೆ, ನಿಮಗೆಲ್ಲಿ ಬರುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸವಲತ್ತಿಗೆ ಕನಿಷ್ಠ ಶೇ. 40 ಬೇಕು. ರಾಜ್ಯದ ಪಿಂಚಣಿ ಶೇ. 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, ಶೇ. 75 ಮತ್ತು ಮೇಲ್ಪಟ್ಟು 1,400 ರೂಪಾಯಿ. ಬಜೆಟ್‌ನಲ್ಲಿ ಇದು ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ದಿನ ನಾಡಕಚೇರಿಯಲ್ಲಿ ಕೇಳಿಕೊಳ್ಳಿ.

ಒಂದಕ್ಕಿಂತ ಜಾಸ್ತಿ ತೊಂದರೆ ಇದ್ದವರು ಎರಡು ಅಂಕಿಗಳನ್ನು ಸುಮ್ಮನೆ ಕೂಡುತ್ತಾರೆ. ಆಮೇಲೆ ಪ್ರಮಾಣಪತ್ರ ನೋಡಿ "ಕಡಿಮೆ ಹಾಕಿದ್ದಾರೆ" ಎಂದು ನೊಂದುಕೊಳ್ಳುತ್ತಾರೆ. ಲೆಕ್ಕ ಹೀಗಿದೆ: 90ರಲ್ಲಿ ದೊಡ್ಡ ಅಂಕಿ ಕಳೆಯಿರಿ. ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ. ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸಿ. ಕಾಲಿಗೆ 60, ಕಿವಿಗೆ 40 ಇದ್ದರೆ ಒಟ್ಟು 100 ಆಗುವುದಿಲ್ಲ. 90ರಲ್ಲಿ 60 ಹೋದರೆ 30. ಅದನ್ನು 40ರಿಂದ ಗುಣಿಸಿ 90ರಿಂದ ಭಾಗಿಸಿದರೆ 13.3. ಒಟ್ಟು 73.3. ಅಂದರೆ 75ಕ್ಕೆ ಸ್ವಲ್ಪದರಲ್ಲಿ ತಪ್ಪುತ್ತದೆ. ಇಂಥ ಗಡಿಯಲ್ಲಿ ಇರುವವರು ಪ್ರತಿಯೊಂದು ತೊಂದರೆಯನ್ನೂ ಬಿಡದೆ ಅಳೆಸಿಕೊಳ್ಳಬೇಕು. ಲಕ್ವದವರಲ್ಲಿ ಮಾತು ತೊದಲುವುದನ್ನು ಎಷ್ಟೋ ಸಲ ಯಾರೂ ಲೆಕ್ಕಕ್ಕೇ ಹಾಕಿಸುವುದಿಲ್ಲ.

ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಮಾರ್ಗಸೂಚಿಯ ಪ್ರಕಾರ ಶೇ. 30. ಪಿಂಚಣಿಗೆ ಸಾಲದು. ಇದನ್ನು ಹೇಳಲು ನನಗೆ ಬೇಸರ. ಆದರೆ ಒಂದು ಕಣ್ಣಿನವರು ವರ್ಷಗಟ್ಟಲೆ ಓಡಾಡಿ ಸೋಲುವುದನ್ನು ನೋಡಿದ್ದೇನೆ. ಕಿವಿ, ಕೈಕಾಲು ಬೇರೆ ತೊಂದರೆಯೂ ಇದ್ದರೆ ಮಾತ್ರ ಒಟ್ಟು ಲೆಕ್ಕ ಮಾಡಿಸಿ.

ಅಂಕಿ ತಪ್ಪಾಗಿದೆ ಎಂದು ಅನ್ನಿಸಿದರೆ, ಅಥವಾ ಅರ್ಜಿ ತಿರಸ್ಕಾರವಾದರೆ, ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಟ್ಟಿದೆ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಬಾಯಿಮಾತಿನಲ್ಲಿ "ಆಗಲ್ಲ" ಅಂದರೆ ಎದ್ದು ಬರಬೇಡಿ. "ಕಾರಣ ಬರೆದುಕೊಡಿ ಸಾರ್" ಎಂದು ಮರ್ಯಾದೆಯಿಂದಲೇ ಕೇಳಿ. ಆ ಕಾಗದ ಇಲ್ಲದೆ ಮೇಲ್ಮನವಿ ನಿಲ್ಲುವುದು ಕಷ್ಟ.

2024ರ ಅಕ್ಟೋಬರ್‌ನಲ್ಲಿ ತಿದ್ದುಪಡಿಯಾದ ನಿಯಮದಲ್ಲಿ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವು ಇದೆ. ಮೊದಲು ಒಂದು ತಿಂಗಳಿತ್ತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ. ಎರಡು ವರ್ಷ ಮುಂದೆ ಸಾಗದೆ ಬಿದ್ದ ಅರ್ಜಿ ನಿಷ್ಕ್ರಿಯವಾಗುತ್ತದೆ, ಹೊಸದಾಗಿ ಹಾಕಬೇಕಾಗುತ್ತದೆ. ಹಳೆಯ ಅರ್ಜಿ ಇದ್ದವರು ಇವತ್ತೇ ಸ್ಥಿತಿ ನೋಡಿ. ತಪಾಸಣೆಗೆ ಕರೆದ ಸಂದೇಶ ಹಳೆಯ ಮೊಬೈಲ್ ನಂಬರಿಗೆ ಹೋಗಿ, ನೀವು ಹೋಗದೆ, ಅದು ಅಲ್ಲೇ ನಿಂತಿರಬಹುದು.

ಕಾರ್ಡಿನ ಬಣ್ಣ ನೋಡಿಯೇ ಎಷ್ಟಿದೆ ಎಂದು ಹೇಳಬಹುದು. 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಅಂಚೆಯಲ್ಲಿ ಕಾರ್ಡ್ ಬರುವವರೆಗೆ ಕಾಯಬೇಕಾಗಿಲ್ಲ. ಜಾಲತಾಣದಿಂದ ಇಳಿಸಿಕೊಂಡ ಪ್ರತಿಯೂ ನಡೆಯುತ್ತದೆ.

ನಾಡಕಚೇರಿಯ ಹಂತ

ನಮ್ಮ ಅರ್ಜಿ ಮೊದಲ ಸಲ ನಿಂತಿದ್ದು ಇಲ್ಲೇ. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ನಾಡಕಚೇರಿಗೆ ಹೋಗಿ ಅಂಗವಿಕಲ ವೇತನಕ್ಕೆ ಅರ್ಜಿ ಕೊಡಬೇಕು. ಮಕ್ಕಳ ಹೆಸರಿನಲ್ಲೂ ಕೊಡಬಹುದು. ಯುಡಿಐಡಿ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಅಂಚೆ ಖಾತೆಯ ಪಾಸ್‌ಬುಕ್, ಫೋಟೋ. ಪಟ್ಟಿ ಚಿಕ್ಕದು. ತೊಂದರೆ ಇರುವುದು ಪಟ್ಟಿಯಲ್ಲಿ ಅಲ್ಲ, ಈ ಕಾಗದಗಳು ಒಂದಕ್ಕೊಂದು ಹೊಂದದಿರುವುದರಲ್ಲಿ.

ಹೆಸರು ನೋಡಿ. ಆಧಾರ್‌ನಲ್ಲಿ ಇನಿಷಿಯಲ್ ಇರುತ್ತದೆ, ಪಡಿತರ ಚೀಟಿಯಲ್ಲಿ ಇರುವುದಿಲ್ಲ. ಒಂದು ಕಡೆ "ಬಿನ್" ಎಂದು ತಂದೆ ಹೆಸರು, ಇನ್ನೊಂದು ಕಡೆ "ಕೋಂ" ಎಂದು ಗಂಡನ ಹೆಸರು. ಹುಟ್ಟಿದ ದಿನಾಂಕ ಒಂದರಲ್ಲಿ ಜನವರಿ ಒಂದು, ಇನ್ನೊಂದರಲ್ಲಿ ಬೇರೆ. ನಮ್ಮ ಕಣ್ಣಿಗೆ ಒಬ್ಬರೇ, ಕಂಪ್ಯೂಟರ್‌ಗೆ ಇಬ್ಬರು. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಉಳಿದದ್ದನ್ನೆಲ್ಲ ಮಾಡಿಸಿಕೊಳ್ಳುವುದು ಸುಲಭ. ಆಧಾರ್‌ನಲ್ಲೇ ತಪ್ಪಿದ್ದರೆ ಅದನ್ನು ಮೊದಲು ಸರಿಪಡಿಸಿ. ಯುಡಿಐಡಿಗೆ ಹಾಕುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು.

ಆದಾಯ. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು ಎಂಬ ನಿಯಮ ಇದೆ. ನಮ್ಮ ಅರ್ಜಿ ಐದು ತಿಂಗಳು ನಿಂತಿದ್ದು ಇದರಿಂದಲೇ. ಮಾವನ ಮಗಳ ವಿದ್ಯಾರ್ಥಿವೇತನಕ್ಕೆಂದು ಹಿಂದೆ ಆದಾಯ ಪ್ರಮಾಣಪತ್ರ ಮಾಡಿಸಿದ್ದೆವು. ಅದರಲ್ಲಿ 48,000 ಎಂದಿತ್ತು, ಮಾವ ದುಡಿಯುತ್ತಿದ್ದ ಕಾಲದ್ದು. ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಇದೆಯಲ್ಲ ಎಂದು ಅದರ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಕೊಟ್ಟೆವು. ದುಡಿಯುವ ಕೈಯೇ ನಿಂತು ಹೋಗಿದೆ ಎಂದು ಆ ಕಾಗದಕ್ಕೆ ಹೇಗೆ ಗೊತ್ತಾಗಬೇಕು? ಅರ್ಜಿ ತಿರಸ್ಕಾರವಾಯಿತು. ನಮಗೆ ಯಾರೂ ತಿಳಿಸಲಿಲ್ಲ, ನಾವು ಕಾಯುತ್ತಲೇ ಇದ್ದೆವು.

ಮನೆಯ ಪರಿಸ್ಥಿತಿ ಬದಲಾಗಿದ್ದರೆ ಮೊದಲು ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಜೊತೆಗೆ ಆಸ್ಪತ್ರೆಯ ಕಾಗದ ಇಟ್ಟು, ದುಡಿಯುವವರೇ ಹಾಸಿಗೆ ಹಿಡಿದಿದ್ದಾರೆ ಎಂದು ಗ್ರಾಮ ಆಡಳಿತಾಧಿಕಾರಿಗೆ ತೋರಿಸಿ. ನಾವು ಇನ್ನೂ ಶಾನುಭೋಗರು, ವಿಎ ಅಂತ ಕರೆಯುತ್ತೇವೆ. ಅವರೇ. ಅವರು ಸ್ಥಳಕ್ಕೆ ಬಂದು ನೋಡಿ ವರದಿ ಕೊಡುತ್ತಾರೆ. ಅಲ್ಲಿಂದ ಕಂದಾಯ ನಿರೀಕ್ಷಕರು, ಅಂದರೆ ಆರ್‌ಐ. ಅವರಿಂದ ತಹಶೀಲ್ದಾರ್ ಕಡೆಗೆ. ನಿಮ್ಮ ಪಿಂಚಣಿ ಅರ್ಜಿಯೂ ಹೆಚ್ಚುಕಡಿಮೆ ಇದೇ ಮೆಟ್ಟಿಲು ಹತ್ತುತ್ತದೆ. ಯಾವ ಮೆಟ್ಟಿಲಲ್ಲಿದೆ ಎಂದು ತಿಳಿದರೆ ಯಾರನ್ನು ಭೇಟಿ ಮಾಡಬೇಕು ಎಂದು ತಿಳಿಯಿತು, ಅಲ್ವಾ?

ಇನ್ನೊಂದು ವಿಷಯ ಕೇಳಿಬಿಡಿ. ವಿಧವಾ ವೇತನವೋ ಸಂಧ್ಯಾ ಸುರಕ್ಷಾವೋ ಈಗಾಗಲೇ ಬರುತ್ತಿದ್ದರೆ, ಅದರ ಜೊತೆ ಇನ್ನೊಂದು ಸಾಮಾಜಿಕ ಭದ್ರತಾ ಪಿಂಚಣಿ ಸಿಗುವುದಿಲ್ಲ. ಯಾವುದು ಜಾಸ್ತಿಯೋ ಅದನ್ನು ಆರಿಸಿಕೊಳ್ಳಬೇಕು. ಶೇ. 75ಕ್ಕಿಂತ ಮೇಲಿರುವ ವಿಧವೆಗೆ ಅಂಗವಿಕಲ ವೇತನವೇ ಲಾಭ. ಆದರೆ ಹೊಸದು ಮಂಜೂರಾಗುವ ಮೊದಲೇ ಹಳೆಯದನ್ನು ಬಿಟ್ಟುಕೊಡಬೇಡಿ. ಹೇಗೆ ಬದಲಾಯಿಸುವುದು ಎಂದು ತಾಲ್ಲೂಕು ಕಚೇರಿಯ ಪಿಂಚಣಿ ವಿಷಯ ನಿರ್ವಾಹಕರನ್ನು ಮೊದಲು ಕೇಳಿ.

ಮೊತ್ತದ ಬಗ್ಗೆ ಮನಸ್ಸಿನಲ್ಲಿರುವುದನ್ನು ಹೇಳಲೇಬೇಕು. 2016ರ ಕಾಯ್ದೆಯ 24ನೇ ಕಲಂನಲ್ಲಿ, ಬೇರೆಯವರಿಗೆ ಇರುವ ಇಂಥದೇ ಯೋಜನೆಗಿಂತ ವಿಕಲಚೇತನರಿಗೆ ಕನಿಷ್ಠ ಶೇ. 25ರಷ್ಟು ಜಾಸ್ತಿ ನೆರವು ಸಿಗಬೇಕು ಎಂದಿದೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಸಿಗುತ್ತದೆ. ಶೇ. 70 ಅಂಗವಿಕಲತೆ ಇರುವ ಮೂವತ್ತು ವರ್ಷದವನಿಗೆ 800. ಹಿರಿಯರಿಗೆ ಕಡಿಮೆ ಮಾಡಿ ಅನ್ನುತ್ತಿಲ್ಲ. ಆದರೆ 800 ರೂಪಾಯಿಯಲ್ಲಿ ಒಬ್ಬರ ಔಷಧಿಯೂ ಬರುವುದಿಲ್ಲ. ಕಾಯ್ದೆಯ ಮಾತು ಕಾಗದದಲ್ಲೇ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ.

ತಡವಾದರೆ ಏನು ಮಾಡಬೇಕು

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಕೊಡುತ್ತಾರೆ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಕೆಲಸ ಮುಗಿಯಬೇಕಾದ ದಿನಾಂಕವೂ ಇರುತ್ತದೆ. ಸ್ವೀಕೃತಿ ಕೊಡದೆ "ನಾನು ನೋಡ್ಕೋತೀನಿ ಹೋಗಿ" ಅಂದರೆ ಹೋಗಬೇಡಿ. ಆ ಸಂಖ್ಯೆ ಇಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ.

ಸಕಾಲ ಅನ್ನುವುದು ಬರೀ ಹೆಸರಲ್ಲ, 2011ರ ಕಾಯ್ದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ದುಡ್ಡು ಚಿಕ್ಕದು. ಆದರೆ ತಡವಾದದ್ದು ಯಾರ ಮೇಜಿನಲ್ಲಿ ಎಂದು ದಾಖಲಾಗುತ್ತದೆ, ಅದಕ್ಕೆ ಬೆಲೆ ಇದೆ. ಮೊದಲ ಮೇಲ್ಮನವಿ ಸಕ್ಷಮ ಅಧಿಕಾರಿಗೆ. ತಹಶೀಲ್ದಾರ್ ಹಂತದಲ್ಲಿ ನಿಂತ ಅರ್ಜಿಗೆ ಸಾಮಾನ್ಯವಾಗಿ ಅವರು ಉಪವಿಭಾಗಾಧಿಕಾರಿ, ಎಸಿ ಸಾಹೇಬರು. ತಿರಸ್ಕಾರವಾದರೂ ಇದೇ ದಾರಿ. ಮೂವತ್ತು ದಿನದೊಳಗೆ ಹಾಕಿದರೆ ಒಳ್ಳೆಯದು.

ಅದಕ್ಕೂ ಮೊದಲು ಮಾಡಬಹುದಾದ ಸುಲಭದ ಕೆಲಸ 1902ಕ್ಕೆ ಫೋನ್ ಮಾಡುವುದು. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ. ದೂರು ದಾಖಲಿಸಿ ಸಂಖ್ಯೆ ಕೊಡುತ್ತಾರೆ. ಮಾತು ಚಿಕ್ಕದಾಗಿರಲಿ. "ಜಿಎಸ್‌ಸಿ ಸಂಖ್ಯೆ ಇದು, ಇಂಥ ದಿನ ಕೊಟ್ಟಿದ್ದು, ಗಡುವು ಇಂಥ ದಿನ ಮುಗಿದಿದೆ, ಈಗ ಯಾವ ಅಧಿಕಾರಿ ಹತ್ತಿರ ಇದೆ ತಿಳಿಸಿ." ತಾಲ್ಲೂಕಿನಲ್ಲಿ ಪಿಂಚಣಿ ಅದಾಲತ್ ಆಗಾಗ ನಡೆಯುತ್ತದೆ. ಅಲ್ಲಿ ವಿಎ, ಆರ್‌ಐ, ತಹಶೀಲ್ದಾರ್ ಎಲ್ಲರೂ ಒಂದೇ ಜಾಗದಲ್ಲಿ ಸಿಗುತ್ತಾರೆ. ಮೂರು ಕಚೇರಿ ಅಲೆಯುವುದು ತಪ್ಪುತ್ತದೆ. ಯಾವತ್ತು ನಡೆಯುತ್ತದೆ ಎಂದು ವಿಆರ್‌ಡಬ್ಲ್ಯೂಗೆ ಗೊತ್ತಿರುತ್ತದೆ.

ಯಾವುದೂ ಆಗದಿದ್ದರೆ ಮಾಹಿತಿ ಹಕ್ಕು. ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಒಂದು ಪುಟದ ಅರ್ಜಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. 150 ಪದದೊಳಗೆ ಬರೆಯಬೇಕು, ಒಂದೇ ವಿಷಯ ಇರಬೇಕು. "ಯಾಕೆ ತಡ ಮಾಡಿದಿರಿ" ಎಂದು ಬರೆಯಬೇಡಿ. ಅದಕ್ಕೆ ಉತ್ತರ ಬರುವುದಿಲ್ಲ. "ಈ ಸಂಖ್ಯೆಯ ಅರ್ಜಿ ಯಾವ ದಿನ ಯಾರ ಹತ್ತಿರ ಬಂತು, ಯಾವ ದಿನ ಮುಂದೆ ಹೋಯಿತು, ಈಗ ಯಾರ ಹತ್ತಿರ ಇದೆ, ಕಡತದ ಟಿಪ್ಪಣಿಯ ಪ್ರತಿ ಕೊಡಿ" ಎಂದು ಬರೆಯಿರಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ಅರ್ಜಿ ಐದು ತಿಂಗಳ ಹಿಂದೆಯೇ ತಿರಸ್ಕಾರವಾಗಿದೆ ಎಂದು ನಮಗೆ ತಿಳಿದಿದ್ದು ಇಂಥ ಒಂದು ಉತ್ತರದಿಂದ. ಆ ದಿನ ಅತ್ತೆ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನಾಡಕಚೇರಿಗೆ ಹೋಗಿ ಹೊಸ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರು.

ಕಚೇರಿಗೆ ಹೋಗುವಾಗ ಒಂದು ಚಿಕ್ಕ ನೋಟ್‌ಬುಕ್ ಇರಲಿ. ಯಾವ ದಿನ, ಯಾರ ಹತ್ತಿರ ಮಾತಾಡಿದಿರಿ, ಏನು ಹೇಳಿದರು, ಮತ್ತೆ ಯಾವಾಗ ಬರಲು ಹೇಳಿದರು. ಅವರ ಎದುರೇ ಬರೆದುಕೊಳ್ಳಿ. ಅತ್ತೆ ಮೂರನೇ ಕ್ಲಾಸಿನವರೆಗೆ ಓದಿದವರು. ಆ ನೋಟ್‌ಬುಕ್ ಹಿಡಿದು ಹೋಗಲು ಶುರು ಮಾಡಿದ ಮೇಲೆ ಅವರನ್ನು ಕೂರಿಸಿ ಮಾತಾಡಿಸುತ್ತಿದ್ದರು.

ಮಂಜೂರಾಯಿತು, ದುಡ್ಡು ಎಲ್ಲಿ?

ಮಂಜೂರಾತಿ ಆದೇಶ ಕೈಗೆ ಸಿಕ್ಕಾಗ ಮನೆಯಲ್ಲಿ ಪಾಯಸ ಮಾಡಿದ್ದೆವು. ಆಮೇಲೆ ಆರು ತಿಂಗಳು ಒಂದು ರೂಪಾಯಿ ಬರಲಿಲ್ಲ.

ಪಿಂಚಣಿ ನೀವು ಕೊಟ್ಟ ಪಾಸ್‌ಬುಕ್‌ನ ಖಾತೆಗೇ ಬರುತ್ತದೆ ಎಂದುಕೊಳ್ಳಬೇಡಿ. ಆಧಾರ್‌ಗೆ ಕೊನೆಯದಾಗಿ ಯಾವ ಖಾತೆ ಜೋಡಣೆಯಾಗಿದೆಯೋ ಅದಕ್ಕೆ ಹೋಗುತ್ತದೆ. ಮಾವ ಹಿಂದೆ ಯಾವುದೋ ಶಿಬಿರದಲ್ಲಿ ಜನಧನ ಖಾತೆ ತೆರೆದಿದ್ದರು. ಅದು ಅವರಿಗೇ ಮರೆತು ಹೋಗಿತ್ತು. ಆಧಾರ್ ಅದಕ್ಕೆ ಅಂಟಿಕೊಂಡಿತ್ತು, ಖಾತೆ ವರ್ಷಗಳಿಂದ ಬಳಕೆಯಿಲ್ಲದೆ ನಿಂತಿತ್ತು.

ನೀವು ಮಂಜೂರಾತಿಗೆ ಕಾಯದೆ ಈಗಲೇ ನೋಡಿ. ಆಧಾರ್ ಜಾಲತಾಣದಲ್ಲಿ ಒಟಿಪಿ ಕೊಟ್ಟು ಒಳಗೆ ಹೋದರೆ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಅಂತ ಇರುತ್ತದೆ. ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯಾ ಇಲ್ಲವಾ ಎಂದು ತೋರಿಸುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಎಂದು ಹೇಳಿ ಅರ್ಜಿ ಕೊಡಿ. "ಆಧಾರ್ ಲಿಂಕ್ ಮಾಡಿ" ಅಂದರೆ ಬರೀ ಕೆವೈಸಿಗೆ ಸೇರಿಸಿ ಕಳಿಸಿಬಿಡುತ್ತಾರೆ. ಅವೆರಡೂ ಬೇರೆ ಬೇರೆ. ಕೆವೈಸಿ ಬರೀ ಗುರುತಿನ ದಾಖಲೆ, ಸರ್ಕಾರದ ದುಡ್ಡು ಈ ಖಾತೆಗೇ ಬರುವಂತೆ ಜೋಡಿಸುವುದು ಮ್ಯಾಪಿಂಗ್. ಈ ಪದ ನೆನಪಿಡಿ.

ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್‌ನಲ್ಲಿ ಯಾವ ತಿಂಗಳು ಎಷ್ಟು ದುಡ್ಡು ಯಾವ ಖಾತೆಗೆ ಹೋಯಿತು ಎಂದು ನೋಡಬಹುದು. ಮಂಜೂರಾತಿ ಆದೇಶದಲ್ಲಿ ಯಾವ ತಿಂಗಳಿಂದ ಪಿಂಚಣಿ ಎಂದು ಬರೆದಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ. ಬಿಟ್ಟುಹೋದ ತಿಂಗಳಿದ್ದರೆ ಪಟ್ಟಿ ಮಾಡಿ ತಾಲ್ಲೂಕು ಕಚೇರಿಗೆ ಬರಹದಲ್ಲಿ ಕೊಡಿ.

ಬೆರಳಚ್ಚು ಬಾರದವರು, ಕೈ ಮಡಚಿಹೋದವರು ದುಡ್ಡು ತೆಗೆಯಲು ಒದ್ದಾಡುತ್ತಾರೆ. ಬ್ಯಾಂಕ್ ಮಿತ್ರರ ಯಂತ್ರ ಹೆಬ್ಬೆಟ್ಟು ಒಪ್ಪದಿದ್ದರೆ ಶಾಖೆಗೇ ಹೋಗಿ. ಬುದ್ಧಿಮಾಂದ್ಯತೆ ಇರುವ ಮಕ್ಕಳ ಖಾತೆಗೆ ತಂದೆಯನ್ನೋ ತಾಯಿಯನ್ನೋ ಜೊತೆಗೆ ಸೇರಿಸಿ ಮಾಡಿಸುವುದು ಒಳ್ಳೆಯದು. ಮಗ ಹದಿನೆಂಟು ದಾಟಿದ ಮೇಲೆ ಪೋಷಕರಾಗಿ ಸಹಿ ಮಾಡಲು ಕಾನೂನಿನ ಪತ್ರ ಬೇಕಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆಯವರಿಗೆ ಅದನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಕೊಡುತ್ತದೆ. ಕೋರ್ಟಿಗೆ ಹೋಗಬೇಕಾಗಿಲ್ಲ.

ಕಾರ್ಡ್ ಬಂದ ಮೇಲೆ

ಕಾರ್ಡ್ ಕೈಯಲ್ಲಿದ್ದರೆ ಪಿಂಚಣಿಗೆ ಕಾಯುತ್ತಲೇ ಬೇರೆ ಸವಲತ್ತು ಕೇಳಬಹುದು. ಸಾರಿಗೆ ಸಂಸ್ಥೆಯ ರಿಯಾಯಿತಿ ಬಸ್ ಪಾಸ್ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಆಸ್ಪತ್ರೆಗೆ ತಿಂಗಳಿಗೆ ಎರಡು ಸಲ ಹೋಗುವವರಿಗೆ ಎರಡು ಮೂರು ತಿಂಗಳಲ್ಲೇ ಆ ದುಡ್ಡು ಹುಟ್ಟುತ್ತದೆ. ಮೇಲೆ ಹೇಳಿದ ನಾಲ್ಕು ಬಗೆಯವರಿಗೆ ನಿರಾಮಯ ಅನ್ನುವ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಉದ್ಯೋಗ ಖಾತ್ರಿ, ಸರ್ಕಾರಿ ಕೆಲಸದ ಕನಿಷ್ಠ ಶೇ. 4 ಮೀಸಲಾತಿ, ಉನ್ನತ ಶಿಕ್ಷಣದ ಶೇ. 5 ಮೀಸಲಾತಿ, ಎಲ್ಲಕ್ಕೂ ಇದೇ ಕಾರ್ಡ್.

ಒಂದನ್ನು ಮಾತ್ರ ಮರೆಯಬೇಡಿ. ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ ನೋಡಿ. ಸುಧಾರಿಸುವ ಸಾಧ್ಯತೆ ಇದ್ದರೆ ಅವಧಿ ಹಾಕಿ ಕೊಡುತ್ತಾರೆ. ಆ ದಿನ ಮುಗಿದರೆ ಪಿಂಚಣಿಗೂ ಕುತ್ತು ಬರಬಹುದು. ಹೊಸದಕ್ಕೆ ತಪಾಸಣೆಯ ದಿನ ಸಿಗಲು ತಿಂಗಳುಗಳೇ ಬೇಕು, ಆದ್ದರಿಂದ ಕನಿಷ್ಠ ಆರು ತಿಂಗಳು ಮುಂಚೆ ಓಡಾಟ ಶುರು ಮಾಡಿ. ಮಾವನ ಪತ್ರಕ್ಕೆ ಐದು ವರ್ಷದ ಅವಧಿ ಇದೆ. ಅತ್ತೆ ಆ ದಿನಾಂಕವನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು, ಅದರ ಕೆಳಗೆ ಆರು ತಿಂಗಳು ಹಿಂದಿನ ತಾರೀಖನ್ನೂ ಬರೆದಿಟ್ಟಿದ್ದಾರೆ.